ಹುಡುಗನ ತಲೆಗೂದಲು ಯಾರ ಸೊತ್ತು?

2023ರ ಜುಲೈ ತಿಂಗಳಲ್ಲಿ ಬಾಗಲಕೋಟೆ ಜಿಲ್ಲೆಯ ಕುಲಹಳ್ಳಿಯ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ಊರಿನ ಕ್ಷೌರದ ಅಂಗಡಿಯವರಿಗೆ ಒಂದು ಪತ್ರ ಬರೆದರು. ಶಾಲೆಯ ಹುಡುಗರಿಗೆ ‘ಹೆಬ್ಬುಲಿ’ ಕಟಿಂಗ್ ಮಾಡಬೇಡಿ ಎಂಬುದು ಅದರ ತಾತ್ಪರ್ಯ. ಸುದೀಪ್ ನಟಿಸಿದ 2017ರ ಸಿನಿಮಾದಿಂದ ಹೆಸರು ಪಡೆದ ಆ ಮಾದರಿಯಲ್ಲಿ ತಲೆಯ ಪಕ್ಕಗಳನ್ನು ಮಿಷಿನ್ ಹಾಕಿ ನುಣ್ಣಗೆ ತೆಗೆದು ನೆತ್ತಿಯ ಮೇಲೆ ಮಾತ್ರ ಉದ್ದ ಬಿಡುತ್ತಾರೆ. ಪತ್ರ ಸುದ್ದಿಯಾಯಿತು. ನನ್ನ ಪರಿಚಿತರಲ್ಲಿ ಹೆಚ್ಚಿನವರು, ಅದರಲ್ಲೂ ಮೇಷ್ಟ್ರುಗಳು, ‘ಸರಿಯಾಗಿ ಮಾಡಿದರು’ ಎಂದರು. ಆ ಮುಖ್ಯೋಪಾಧ್ಯಾಯರ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ. ಹುಡುಗರು ಓದಿನ ಕಡೆ ಗಮನ ಕೊಡಲಿ ಎಂಬ ಆಸೆ ಎಲ್ಲ ಶಿಕ್ಷಕರಿಗೂ ಇರುವಂಥದ್ದೇ. ನನ್ನನ್ನು ಕಾಡಿದ್ದು ಬೇರೆ ಸಂಗತಿ. ಬರೆದದ್ದು ಶಾಲೆ, ಬರೆಸಿಕೊಂಡವರು ಕ್ಷೌರಿಕರು, ತಲೆದೂಗಿದವರು ದೊಡ್ಡವರು. ಯಾರ ತಲೆಯ ವಿಚಾರವೋ ಅವನನ್ನು ಯಾರೂ ಮಾತಾಡಿಸಿದಂತೆ ಕಾಣಲಿಲ್ಲ.

ಮೂರು ದಶಕ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ನನ್ನ ಮಾತು ಇಷ್ಟೇ: ಗಂಡುಮಕ್ಕಳ ಕೂದಲಿನ ಉದ್ದವನ್ನು ಗಂಡುಮಕ್ಕಳೇ ತೀರ್ಮಾನಿಸಲಿ. ಹದಿನೆಂಟು ತುಂಬಿದ ಮೇಲಲ್ಲ, ಆರೇಳು ವರ್ಷದಿಂದಲೇ. ಕೂದಲು ಶುಚಿಯಾಗಿರಲಿ, ಕಣ್ಣಿನ ಮೇಲೆ ಬೀಳದಿರಲಿ ಎಂದು ಹೇಳುವ ಹಕ್ಕು ಮನೆಗೂ ಶಾಲೆಗೂ ಇದೆ. ಎಷ್ಟು ಉದ್ದ ಎಂಬುದು ಅವನಿಗೆ ಸೇರಿದ್ದು.

ಸೋಮವಾರದ ಪ್ರಾರ್ಥನೆಯನ್ನು ನೆನಪಿಸಿಕೊಳ್ಳಿ. ನಾಡಗೀತೆ ಮುಗಿದು ಹುಡುಗಿಯರ ಸಾಲು ತರಗತಿಗೆ ಹೊರಡುತ್ತದೆ, ಹುಡುಗರ ಸಾಲು ನಿಲ್ಲುತ್ತದೆ. ದೈಹಿಕ ಶಿಕ್ಷಕರು ಹಿಂದಿನಿಂದ ಬಂದು ಒಬ್ಬೊಬ್ಬನ ಹಿಂದಲೆಗೆ ಕೈ ಹಾಕುತ್ತಾರೆ. ಎರಡು ಬೆರಳ ಸಂದಿಗೆ ಕೂದಲು ಸಿಕ್ಕಿದರೆ ಉದ್ದ, ಸಿಗದಿದ್ದರೆ ಪಾಸು. ಸಿಕ್ಕಿದವನು ಸಾಲಿನಿಂದ ಆಚೆ. ಕೆಲವು ಕಡೆ ಆಫೀಸು ರೂಮಿನಿಂದ ಕತ್ತರಿ ಬರುತ್ತದೆ. ಪೂರ್ತಿ ಕತ್ತರಿಸುವುದಿಲ್ಲ. ಮುಂದಲೆಯಲ್ಲಿ ಒಂದೇ ಒಂದು ಕಡೆ, ಬುಡದ ತನಕ, ಒಂದು ಗೀಟು. ಸಂಜೆ ಕಟಿಂಗ್ ಶಾಪಿಗೆ ಹೋಗದೆ ಗತಿಯಿರಬಾರದು, ಅದಕ್ಕೆ. ಹಾಗೆ ಕತ್ತರಿಸಿಕೊಂಡ ಹುಡುಗ ಇಡೀ ದಿನ ಏನು ಮಾಡುತ್ತಾನೆಂದು ತರಗತಿಯಲ್ಲಿ ನಿಂತು ನೋಡಿದ್ದೇನೆ. ಎಡಗೈಯನ್ನು ಹಣೆಯ ಮೇಲಿಂದ ತೆಗೆಯುವುದಿಲ್ಲ. ಬಲಗೈಯಲ್ಲಿ ಬರೆಯುತ್ತಾನೆ, ಎಡಗೈಯಲ್ಲಿ ಮುಚ್ಚಿಕೊಂಡಿರುತ್ತಾನೆ. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುವುದಿಲ್ಲ. ಓದಿಗೆ ಅಡ್ಡಿಯಾಗುತ್ತದೆ ಎಂದು ತೆಗೆದ ಕೂದಲು ಆ ದಿನದ ಓದನ್ನೆಲ್ಲ ತೆಗೆದುಕೊಂಡೇ ಹೋಗಿರುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವಿಗೆ ದೈಹಿಕ ಶಿಕ್ಷೆ ಕೊಡುವುದನ್ನೂ ಮಾನಸಿಕ ಹಿಂಸೆ ಮಾಡುವುದನ್ನೂ ನಿಷೇಧಿಸಿದೆ. ಬೆತ್ತ ಹಿಡಿಯಬಾರದು ಎಂಬುದು ಇಂದು ಎಲ್ಲ ಶಿಕ್ಷಕರಿಗೂ ಗೊತ್ತು. ಎಲ್ಲರೆದುರು ಮಗುವಿನ ತಲೆಗೆ ಕತ್ತರಿ ಹಾಕುವುದು ಆ ಕಲಮಿನ ಎರಡೂ ಮಾತಿಗೆ ವಿರುದ್ಧ ಎಂದು ಮಾತ್ರ ಹೊಳೆಯುವುದಿಲ್ಲ, ಏಕೆಂದರೆ ಅದನ್ನು ನಾವು ಶಿಕ್ಷೆ ಎಂದು ಲೆಕ್ಕಕ್ಕೇ ಹಿಡಿದಿಲ್ಲ.

ಗಿಡ್ಡ ಕೂದಲಿನ ಪರವಾಗಿ ಮೊದಲು ಬರುವ ವಾದ ಶುಚಿತ್ವದ್ದು. ಉದ್ದ ಕೂದಲಿದ್ದರೆ ಹೇನು, ಹೊಟ್ಟು, ಬೆವರು. ಹೇನು ಬದುಕುವುದು ನೆತ್ತಿಯ ರಕ್ತದಿಂದ, ಕೂದಲಿನಿಂದಲ್ಲ. ಸೀರು ಇಡುವುದು ಕೂದಲಿನ ಬುಡದಲ್ಲಿ, ಚರ್ಮಕ್ಕೆ ಅರ್ಧ ಸೆಂಟಿಮೀಟರಿನ ಆಸುಪಾಸಿನಲ್ಲಿ. ತಲೆಗೆ ತಲೆ ತಾಗಿಸಿ ಕೂತು ಆಡುವ ಮಕ್ಕಳಲ್ಲಿ ಹೇನು ಹರಡುತ್ತದೆ, ದಿನಾ ಸ್ನಾನ ಮಾಡುವ ಮನೆಯ ಮಕ್ಕಳಿಗೂ ಹತ್ತುತ್ತದೆ. ಉದ್ದ ಬಿಟ್ಟರೆ ಹೆಕ್ಕಿ ತೆಗೆಯುವುದು ಕಷ್ಟ ಎಂಬುದು ನಿಜ. ಹೆಣ್ಣುಮಕ್ಕಳ ವಿಷಯದಲ್ಲಿ ಆ ಕಷ್ಟಕ್ಕೆ ನಾವು ಏನು ಮಾಡುತ್ತೇವೆ? ಎಣ್ಣೆ ಹಚ್ಚುತ್ತೇವೆ, ಹೇನಿನ ಹಣಿಗೆ ಹಿಡಿದು ಕೂರುತ್ತೇವೆ, ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿ ಕಳಿಸುತ್ತೇವೆ. ನನ್ನ ತರಗತಿಗಳಲ್ಲಿ ಹೇನಿದ್ದ ಹುಡುಗಿಯರು ಎಷ್ಟೋ ಮಂದಿ. ಒಬ್ಬಳನ್ನೂ ಸಾಲಿನಿಂದ ಆಚೆ ನಿಲ್ಲಿಸಿ ಕತ್ತರಿ ತರಿಸಿದ್ದನ್ನು ನೋಡಲಿಲ್ಲ. ಅವರ ಉದ್ದ ಕೂದಲನ್ನು ಶುಚಿಯಾಗಿಡುವ ವಿದ್ಯೆ ನಮಗೆ ಚೆನ್ನಾಗಿ ಗೊತ್ತಿರುವಾಗ ಅದೇ ವಿದ್ಯೆ ಹುಡುಗನ ತಲೆಗೆ ಬಂದಾಗ ಎಲ್ಲಿಗೆ ಹೋಗುತ್ತದೆ?

ಹಾಗಾಗಿ ಕಾರಣ ಶುಚಿತ್ವವಲ್ಲ. ನಿಜವಾದ ಕಾರಣವನ್ನು, ಕೂದಲು ಕಿವಿ ದಾಟಿದ ದಿನ, ಯಾರಾದರೂ ಬಾಯಿಬಿಟ್ಟು ಹೇಳಿಯೇ ಹೇಳುತ್ತಾರೆ: ‘ಏನೋ ಇದು, ಹುಡುಗಿ ಥರ?’ ಮದುವೆಮನೆಯಲ್ಲಿ ಚಿಕ್ಕಪ್ಪ ಹೇಳುತ್ತಾರೆ, ಬಸ್ಸಿನಲ್ಲಿ ಕಂಡಕ್ಟರ್ ಹೇಳುತ್ತಾರೆ, ತರಗತಿಯಲ್ಲಿ ಮೇಷ್ಟ್ರು ಹೇಳುತ್ತಾರೆ. ಎಂಟು ವರ್ಷದ ಹುಡುಗ ಆ ಮಾತಿನಿಂದ ಏನು ಕಲಿಯುತ್ತಾನೆ? ಹುಡುಗಿಯ ಹಾಗೆ ಕಾಣುವುದು ಅವಮಾನ ಎಂದು. ಮನೆಯಲ್ಲಿ ತನ್ನ ಅಕ್ಕನ ಹಾಗೆ ಇರುವುದು ನಾಚಿಕೆಗೇಡು ಎಂದು. ಆಮೇಲೆ ಹತ್ತನೇ ತರಗತಿಗೆ ಬಂದಾಗ ಅದೇ ಹುಡುಗನಿಗೆ ಲಿಂಗ ಸಮಾನತೆಯ ಮೇಲೆ ಭಾಷಣ ಸ್ಪರ್ಧೆ ಇಡುತ್ತೇವೆ. ಆ ಭಾಷಣಕ್ಕೆ ಬೇಕಾದ ಬೇರು ನಾವೇ ಎಂಟನೇ ವಯಸ್ಸಿನಲ್ಲಿ ಕಿತ್ತಿದ್ದೇವೆ. ಕೆಲವು ಹುಡುಗರ ಒಳಗೆ ತಾವು ಹುಡುಗರೇ ಹೌದೋ ಅಲ್ಲವೋ ಎಂಬ ಹುಡುಕಾಟವೂ ನಡೆದಿರುತ್ತದೆ. ಅಂಥ ಮಗುವಿಗೆ ಈ ಒಂದು ಮಾತು ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಆಡುವವರಿಗೆ ಗೊತ್ತಾಗುವುದೇ ಇಲ್ಲ.

‘ನಮ್ಮ ಸಂಸ್ಕೃತಿಯಲ್ಲಿ ಗಂಡಸರು ಕೂದಲು ಬಿಡುವುದಿಲ್ಲ’ ಎನ್ನುವವರಿಗೆ ಹಳೆಯ ಟ್ರಂಕಿನ ಫೋಟೋಗಳನ್ನು ತೆಗೆದು ನೋಡಿ ಎನ್ನುತ್ತೇನೆ. ಎಷ್ಟೋ ಮನೆಗಳಲ್ಲಿ ಮೂರು ವರ್ಷದ ಗಂಡುಮಗುವಿಗೆ ಮೊಗ್ಗಿನ ಜಡೆ ಹಾಕಿ, ಲಂಗ ಉಡಿಸಿ, ಕನ್ನಡಿಯಲ್ಲಿ ಜಡೆ ಕಾಣುವಂತೆ ಕೂರಿಸಿ ತೆಗೆಸಿದ ಪಟ ಸಿಗುತ್ತದೆ. ತಿರುಪತಿಗೋ ಮಲೆ ಮಹದೇಶ್ವರನಿಗೋ ಮುಡಿ ಹರಕೆ ಹೊತ್ತ ಮನೆಯ ಹುಡುಗ ಹರಕೆ ತೀರುವ ತನಕ ಜುಟ್ಟು ಕಟ್ಟಿಕೊಂಡೇ ಅಂಗನವಾಡಿಗೆ ಹೋಗುತ್ತಾನೆ, ಆಗ ಯಾರೂ ಕೇಳುವುದಿಲ್ಲ. ನಮ್ಮ ಊರೂರಿನ ವೀರಗಲ್ಲುಗಳನ್ನು ಹತ್ತಿರ ಹೋಗಿ ನೋಡಿ. ತುರು ಬಿಡಿಸಲು ಹೋಗಿ ಸತ್ತ ಎಷ್ಟೋ ವೀರರ ತಲೆಯ ಮೇಲೆ ತುರುಬಿದೆ. ದೇವರ ಪಟದಲ್ಲಿ ಕೃಷ್ಣನ ಗುಂಗುರು ಭುಜಕ್ಕೆ ಇಳಿದಿದೆ. ನೂರು ವರ್ಷದ ಹಿಂದೆ ನಮ್ಮ ಮನೆಗಳಲ್ಲಿ ಆದ ರಂಪ ಇದರ ತಿರುವುಮುರುವು. ಜುಟ್ಟು ತೆಗೆಸಿ ಕ್ರಾಪು ಬಿಟ್ಟುಕೊಂಡು ಬಂದ ಹುಡುಗನನ್ನು ಅಜ್ಜ ಹೊಸಿಲು ದಾಟಿಸುತ್ತಿರಲಿಲ್ಲ, ಮೊಮ್ಮಗ ಕುಲಗೆಟ್ಟ ಎಂದು ಅಜ್ಜಿ ಅಳುತ್ತಿದ್ದಳು. ಅಂದು ಧರ್ಮ ಕೆಡಿಸಿದ ಆ ಗಿಡ್ಡ ಕೂದಲೇ ಇಂದು ಶಿಸ್ತಿನ ಗುರುತು. ಎರಡು ಕಾಲದಲ್ಲೂ ಒಂದು ಸಂಗತಿ ಬದಲಾಗಲಿಲ್ಲ: ತಲೆ ಹುಡುಗನದು, ತೀರ್ಮಾನ ದೊಡ್ಡವರದು.

ಗಿಡ್ಡ ಕೂದಲಿನ ಶಿಸ್ತು ಸಿಪಾಯಿಗಳ ಲೈನಿನ ಶಿಸ್ತಿನಂಥದ್ದು. ಅದಕ್ಕೊಂದು ಹಳೆಯ ನೆನಪೂ ಇದೆ. 1805ರ ಕೊನೆಗೆ ಮದರಾಸು ಸೇನೆಯ ದಂಡನಾಯಕ ಸರ್ ಜಾನ್ ಕ್ರಾಡಕ್ ಕಾಲದಲ್ಲಿ ಹೊಸ ಅಪ್ಪಣೆಗಳು ಹೊರಟವು. ಸಿಪಾಯಿಗಳು ಹಣೆಯ ಮೇಲಿನ ನಾಮ ಅಳಿಸಬೇಕು, ಗಡ್ಡ ಬೋಳಿಸಬೇಕು, ಮೀಸೆಯನ್ನು ಒಂದೇ ಅಳತೆಗೆ ಕತ್ತರಿಸಬೇಕು, ಹೊಸ ನಮೂನೆಯ ರುಮಾಲು ಧರಿಸಬೇಕು. 1806ರ ಜುಲೈ 10ರಂದು ವೆಲ್ಲೂರು ಕೋಟೆಯಲ್ಲಿ ಸಿಪಾಯಿಗಳು ದಂಗೆ ಎದ್ದರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ಇಟ್ಟಿದ್ದ ಕೋಟೆ ಅದು. ದಂಗೆಗೆ ಬೇರೆ ಕಾರಣಗಳೂ ಇದ್ದವು. ಆದರೆ ಕಂಪನಿ ಸರ್ಕಾರವೇ ಆಮೇಲೆ ಆ ಅಪ್ಪಣೆಗಳನ್ನು ಹಿಂತೆಗೆದುಕೊಂಡಿತು, ಕ್ರಾಡಕ್‌ನನ್ನೂ ಗವರ್ನರ್ ಬೆಂಟಿಂಕ್‌ನನ್ನೂ ವಾಪಸು ಕರೆಸಿಕೊಂಡಿತು. ಸಂಬಳ ಕೊಟ್ಟ ಮಾತ್ರಕ್ಕೆ ಆಳಿನ ಮೋರೆಯ ಮೇಲೆ ಕೈಯಾಡಿಸಲಾಗದು ಎಂದು ಒಂದು ವ್ಯಾಪಾರಿ ಕಂಪನಿಗೆ ತಿಳಿಯಿತು.

ಶಾಲೆಗಳ ವಾದಗಳಲ್ಲಿ ಗಟ್ಟಿಯಾದದ್ದು ಸಮಾನತೆಯದು. ಎಲ್ಲರೂ ಒಂದೇ ಥರ ಕಂಡರೆ ಬಡವ-ಬಲ್ಲಿದ, ಮೇಲು-ಕೀಳು ಕಾಣುವುದಿಲ್ಲ. ಸಮವಸ್ತ್ರದ ಮಟ್ಟಿಗೆ ನಾನು ಇದನ್ನು ಪೂರ್ತಿ ಒಪ್ಪುತ್ತೇನೆ. ಸಮವಸ್ತ್ರವನ್ನು ಸಂಜೆ ಮನೆಗೆ ಬಂದು ಬಿಚ್ಚಿ ಮೊಳೆಗೆ ನೇತುಹಾಕಬಹುದು. ಶಾಲೆ ಕತ್ತರಿಸಿದ ತಲೆ ಮಾತ್ರ ಮನೆಯಲ್ಲೂ ಜಾತ್ರೆಯಲ್ಲೂ ರಜೆಯಲ್ಲೂ ಶಾಲೆಯದೇ ಆಗಿ ಉಳಿಯುತ್ತದೆ. ಇನ್ನು ಕೂದಲಿನ ವಿಷಯದಲ್ಲಿ ನಮ್ಮ ಊರುಗಳು ಯಾವತ್ತು ಸಮಾನವಾಗಿದ್ದವು? 2020ರಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ ದಲಿತರಿಗೆ ಕ್ಷೌರ ಮಾಡಿದ್ದಕ್ಕೆ ಕ್ಷೌರಿಕರೊಬ್ಬರಿಗೆ ದಂಡ ಹಾಕಿ ಬಹಿಷ್ಕರಿಸಿದ ಸಂಗತಿ ಪತ್ರಿಕೆಗಳಲ್ಲಿ ಬಂತು. 2025ರಲ್ಲಿ ತೆರೆಕಂಡ ‘ಹೆಬ್ಬುಲಿ ಕಟ್’ ಸಿನಿಮಾದ ಎಳೆಯೂ ಇದೇ. ಹಳ್ಳಿಯ ಹುಡುಗನೊಬ್ಬನಿಗೆ ಊರ ಸೆಲೂನಿನಲ್ಲಿ ಕೂತು ಆ ಕಟಿಂಗ್ ಮಾಡಿಸಿಕೊಳ್ಳುವ ಆಸೆ, ಅವನ ಜಾತಿ ಆ ಕುರ್ಚಿಗೂ ಅವನಿಗೂ ನಡುವೆ ಬರುತ್ತದೆ. ಆ ಕುರ್ಚಿಯಲ್ಲಿ ಕೂತು ‘ನನಗೆ ಹೀಗೆ ಬೇಕು’ ಎನ್ನುವುದು ಅಂಥ ಹುಡುಗನಿಗೆ ಶೋಕಿಯ ಮಾತಲ್ಲ. ಅವನ ಅಜ್ಜನಿಗೆ ಸಿಗದೇ ಹೋದದ್ದು ಅವನಿಗೆ ಸಿಗುತ್ತಿದೆ. ಶಿಸ್ತಿನ ಹೆಸರಿನಲ್ಲಿ ಅದನ್ನು ಕಸಿಯುವ ಮೊದಲು ಶಾಲೆ ಒಂದು ಗಳಿಗೆ ನಿಲ್ಲಬೇಕು.

‘ರೌಡಿ ಥರ ಕಾಣ್ತೀಯ’, ‘ಪೋಲಿ ಥರ’ ಎಂಬ ಬೈಗುಳವೂ ಒಂದು ವರ್ಗದ ಹುಡುಗರ ಮೇಲೇ ಹೆಚ್ಚು ಬೀಳುತ್ತದೆ. ಬೆಂಗಳೂರಿನ ದುಬಾರಿ ಶಾಲೆಯ ಹುಡುಗ ಭುಜದ ತನಕ ಕೂದಲು ಬಿಟ್ಟು ಗಿಟಾರು ನುಡಿಸಿದರೆ ಕಲಾವಿದ. ಗಾರೆ ಕೆಲಸದವರ ಮಗ ಅದೇ ಉದ್ದ ಬಿಟ್ಟರೆ ಕೆಟ್ಟುಹೋಗುವ ಸೂಚನೆ.

ಸರ್ಕಾರಿ ಶಾಲೆಯ ಶಿಕ್ಷಕರು ಹೇಳುವ ಇನ್ನೊಂದು ಮಾತು ನನಗೆ ಮುಖ್ಯ, ಅದರಲ್ಲಿ ಪ್ರೀತಿ ಇದೆ. ‘ಅಪ್ಪ-ಅಮ್ಮ ಕೂಲಿ ಮಾಡಿ ಓದಿಸ್ತಾರೆ ಮೇಡಂ, ಇವನು ಕನ್ನಡಿ ಮುಂದೆ ನಿಂತಿರ್ತಾನೆ.’ ನಿಲ್ಲುತ್ತಾನೆ, ಹೌದು. ಹದಿಮೂರು ಹದಿನಾಲ್ಕು ವರ್ಷದಲ್ಲಿ ಎಲ್ಲರೂ ಕನ್ನಡಿಯ ಮುಂದೆ ನಿಂತವರೇ. ಮೀಸೆ ಚಿಗುರುವಾಗ, ದನಿ ಒಡೆಯುವಾಗ, ಮೈ ದಿನಕ್ಕೊಂದು ಥರ ಆಗುವಾಗ ಆ ಮೈಯಲ್ಲಿ ಅವನ ಮಾತು ಕೇಳುವ ಅಂಗ ಕೂದಲೊಂದೇ. ಹೀರೋನ ಅನುಕರಣೆ ಎಂದು ಹಳಿಯುತ್ತೇವೆ. ಎಪ್ಪತ್ತರ ದಶಕದಲ್ಲಿ ಕಿವಿ ಮುಚ್ಚುವಷ್ಟು ಕೂದಲು ಬಿಟ್ಟು ಬೆಲ್‌ಬಾಟಂ ತೊಟ್ಟವರು ಯಾರ ಅನುಕರಣೆ ಮಾಡಿದ್ದರು? ಅವರಲ್ಲಿ ಇಂಜಿನಿಯರುಗಳಾದವರಿದ್ದಾರೆ, ಮುಖ್ಯೋಪಾಧ್ಯಾಯರಾದವರೂ ಇದ್ದಾರೆ. ಓದು ಹಿಂದೆ ಬೀಳುತ್ತಿದ್ದರೆ ಅದಕ್ಕೆ ಓದಿನ ಮದ್ದೇ ಬೇಕು: ಗಣಿತದಲ್ಲಿ ಎಲ್ಲಿ ತಪ್ಪುತ್ತಿದ್ದಾನೆ, ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಾನೆ, ಮನೆಯಲ್ಲಿ ಕುಡಿತದ ಗಲಾಟೆ ಇದೆಯೇ. ಇದನ್ನೆಲ್ಲ ವಿಚಾರಿಸುವುದು ಕಷ್ಟದ ಕೆಲಸ. ಕಣ್ಣಿಗೆ ಕಾಣುವುದು ಕೂದಲು, ಕೈಗೆ ಸುಲಭವಾಗಿ ಸಿಗುವುದೂ ಅದೇ.

ಮನೆಯವರಾದ ನಾವೂ ಶಾಲೆಗಿಂತ ಮೇಲೇನಲ್ಲ. ಭಾನುವಾರ ಬೆಳಗ್ಗೆ ಯಾವುದೇ ಸಣ್ಣ ಊರಿನ ಸೆಲೂನಿಗೆ ಹೋಗಿ ಕೂತುಕೊಳ್ಳಿ. ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಹಲಗೆ ಇಟ್ಟು ಅದರ ಮೇಲೆ ಹುಡುಗನನ್ನು ಕೂರಿಸಿರುತ್ತಾರೆ. ಕುತ್ತಿಗೆಗೆ ಬಿಳಿ ಬಟ್ಟೆ. ಕ್ಷೌರಿಕ ಬಾಚಣಿಗೆ ಹಿಡಿದು ಕನ್ನಡಿಯಲ್ಲಿ ಹಿಂದೆ ಕೂತ ಅಪ್ಪನನ್ನು ನೋಡುತ್ತಾನೆ. ‘ಹೆಂಗ್ ಮಾಡ್ಲಿ ಸಾರ್?’ ಅಪ್ಪ ಮೊಬೈಲಿನಿಂದ ಕಣ್ಣೆತ್ತದೆ, ‘ಮಿಷಿನ್ ಹಾಕ್ಬಿಡಿ, ಎರಡು ತಿಂಗಳು ಈ ಕಡೆ ಬರಬಾರದು, ಹಂಗೆ ಶಾರ್ಟ್ ಮಾಡಿ’ ಎನ್ನುತ್ತಾನೆ. ಹುಡುಗ, ‘ಅಪ್ಪಾ, ಮುಂದೆ ಸ್ವಲ್ಪ...’ ಎನ್ನುವಷ್ಟರಲ್ಲಿ ತಲೆಯನ್ನು ಬಗ್ಗಿಸಿಯಾಗಿರುತ್ತದೆ, ಮಿಷಿನ್ನಿನ ಸದ್ದು ಶುರುವಾಗಿರುತ್ತದೆ. ಅಳುವ ಮಗುವಾದರೆ ಅಪ್ಪ ಎದ್ದು ಬಂದು ಎರಡು ಕೈಯಲ್ಲಿ ತಲೆ ಹಿಡಿಯುತ್ತಾನೆ. ಪ್ರೀತಿಯಿಲ್ಲದ ಅಪ್ಪನೇನಲ್ಲ. ಕಟಿಂಗ್ ಮುಗಿದ ಮೇಲೆ ಪಕ್ಕದ ಬೇಕರಿಯಲ್ಲಿ ಕೇಳಿದ್ದನ್ನು ಕೊಡಿಸುತ್ತಾನೆ.

ಅದೇ ಮಗುವಿಗೆ ಇಂದು ಶಾಲೆಯಲ್ಲಿ ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶದ ಪಾಠ ಇದೆ. 2012ರ ಪೋಕ್ಸೊ ಕಾಯ್ದೆ ಬಂದ ಮೇಲೆ ನಾವೆಲ್ಲ ಅದನ್ನು ಶ್ರದ್ಧೆಯಿಂದ ಹೇಳಿಕೊಟ್ಟಿದ್ದೇವೆ: ನಿನ್ನ ಮೈ ನಿನ್ನದು, ಬೇಡ ಎನಿಸಿದರೆ ಬೇಡ ಎನ್ನು, ದೊಡ್ಡವರಾದರೂ ಸರಿ. ಭಾನುವಾರ ಆ ಮಗು ‘ಬೇಡ’ ಎಂದಾಗ ಅದಕ್ಕೆ ಅತಿ ಹತ್ತಿರದವರೇ ತಲೆ ಹಿಡಿದು ಕೂರಿಸುತ್ತಾರೆ. ಇವೆರಡು ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ತನ್ನ ಬೇಡಕ್ಕೆ ಬೆಲೆ ಇದೆಯೋ ಇಲ್ಲವೋ ಎಂಬುದನ್ನು ಮಗು ಇಂಥ ಸಣ್ಣ ಜಾಗಗಳಲ್ಲಿ ಕಲಿಯುತ್ತದೆ. ಅಲ್ಲಿ ಬೆಲೆಯಿಲ್ಲ ಎಂದು ಕಲಿತ ಹುಡುಗ ದೊಡ್ಡ ಕಷ್ಟ ಬಂದಾಗ ಬಾಯಿ ಬಿಡುತ್ತಾನೆಂದು ಹೇಗೆ ನಂಬುವುದು? ಇನ್ನೊಬ್ಬಳ ‘ಬೇಡ’ವನ್ನು ಗೌರವಿಸುವುದನ್ನು ತಾನೆ ಎಲ್ಲಿಂದ ಕಲಿಯುತ್ತಾನೆ?

‘ಮಗುವಿಗೇನು ತಿಳಿಯುತ್ತೆ’ ಎಂಬುದು ಕೊನೆಯ ವಾದ. ತಿಳಿಯದ ವಿಷಯಗಳು ಬೇಕಾದಷ್ಟಿವೆ. ಲಸಿಕೆ ಬೇಕೋ ಬೇಡವೋ, ರಸ್ತೆ ಯಾವಾಗ ದಾಟಬೇಕು, ಶಾಲೆ ಬಿಡಬಹುದೋ ಎಂಬುದನ್ನೆಲ್ಲ ಆರು ವರ್ಷದವನಿಗೆ ಬಿಡಲಾಗದು. ಅಲ್ಲಿ ತಪ್ಪಿದರೆ ತಿದ್ದಲಾಗದು. ಕೂದಲು ಹಾಗಲ್ಲ, ತಿಂಗಳಿಗೆ ಒಂದು ಸೆಂಟಿಮೀಟರಿನ ಮೇಲೆ ಅದರಷ್ಟಕ್ಕೇ ಬೆಳೆಯುತ್ತದೆ. ಚೆನ್ನಾಗಿ ಕಾಣದಿದ್ದರೆ ಅವನೇ ಹೇಳುತ್ತಾನೆ, ಹಬ್ಬದ ಹೊತ್ತಿಗೆ ಸರಿಹೋಗಿರುತ್ತದೆ. ತೀರ್ಮಾನ ತೆಗೆದುಕೊಂಡು ಅದರ ಫಲವನ್ನು ತಾನೇ ಅನುಭವಿಸುವ ಅಭ್ಯಾಸಕ್ಕೆ ಇದಕ್ಕಿಂತ ಕಡಿಮೆ ಅಪಾಯದ ವಿಷಯ ನನಗೆ ಕಾಣುವುದಿಲ್ಲ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತು. ಅದರ 12ನೇ ವಿಧಿ ಹೇಳುವುದೂ ಇದನ್ನೇ: ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಅದರ ಮಾತು ಕೇಳಬೇಕು, ವಯಸ್ಸಿಗೂ ತಿಳಿವಳಿಕೆಗೂ ತಕ್ಕಷ್ಟು ತೂಕ ಕೊಡಬೇಕು. ನಾಲ್ಕು ವರ್ಷದವನಿಗೆ ‘ಕಿವಿ ಕಾಣುವ ಹಾಗೋ, ಮುಚ್ಚುವ ಹಾಗೋ’ ಎಂದು ಕೇಳಿದರೆ ಸಾಕು. ಏಳು ವರ್ಷದವನಿಗೆ ಉದ್ದ ಬಿಡಲಿ, ಜತೆಗೆ ಕೆಲಸವನ್ನೂ ಕೊಡಲಿ: ವಾರಕ್ಕೆ ಎರಡು ಸಲ ತಲೆಗೆ ನೀರು, ದಿನಾ ಬಾಚುವುದು, ಸಿಕ್ಕು ಬಿಡಿಸುವುದು. ಬಹಳ ಹುಡುಗರು ಎರಡನೇ ತಿಂಗಳಿಗೆ ತಾವೇ ಸೆಲೂನಿನ ದಾರಿ ಹಿಡಿಯುತ್ತಾರೆ. ಕೆಲವರು ಹಿಡಿಯುವುದಿಲ್ಲ. ಹನ್ನೆರಡರವನಿಗೆ ಸಲಹೆ ಕೊಡಬಹುದು, ಅದರಾಚೆಗೆ ನಮ್ಮ ಅಧಿಕಾರವಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದು ಆಧಾರ್‌ನಿಂದ ಹುಟ್ಟಿದ ವ್ಯಾಜ್ಯ, ಶಾಲಾಮಕ್ಕಳ ಕೂದಲಿಗಾಗಿ ಬಂದದ್ದಲ್ಲ. ಆದರೆ ನ್ಯಾಯಮೂರ್ತಿ ಚೆಲಮೇಶ್ವರ್ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ಉಡುಗೆ ಮತ್ತು ರೂಪದ ಆಯ್ಕೆಯೂ ಖಾಸಗಿತನದ ಒಂದು ಭಾಗ ಎಂದರು. ಉದ್ದ ಕೂದಲು ಬಿಟ್ಟು ರುಮಾಲು ಸುತ್ತುವವರಿಗೆ ಧರ್ಮದ ಆಧಾರದಲ್ಲಿ ರಕ್ಷಣೆ ಇದೆ, ಆದರೆ ಇಂಥ ಸ್ವಾತಂತ್ರ್ಯ ಧರ್ಮವನ್ನೇ ಆಧರಿಸಬೇಕಾಗಿಲ್ಲ ಎಂದೂ ಸೂಚಿಸಿದರು. ನಮ್ಮ ಶಾಲೆಗಳು ಎಡವುವುದು ಇಲ್ಲೇ. ಸಿಖ್ಖರ ಹುಡುಗನಿಗೆ ವಿನಾಯಿತಿ ಇದೆ, ಇರಲೇಬೇಕು. ಹರಕೆಯ ಮುಡಿಗೆ ಒಂದು ಚೀಟಿ ತಂದರೆ ಸಾಕು. ಕ್ಯಾನ್ಸರ್ ರೋಗಿಗಳ ವಿಗ್ಗಿಗೆ ದಾನ ಕೊಡಲು ಒಂದಡಿ ಕೂದಲು ಬೆಳೆಸುವ ಹುಡುಗನನ್ನು ಎರಡು ವರ್ಷ ಕಾದು, ಆಮೇಲೆ ವೇದಿಕೆಗೆ ಕರೆದು ಹಾರ ಹಾಕುತ್ತಾರೆ. ದೇವರಿಗಾಗಿ ಬೆಳೆಸಬಹುದು, ರೋಗಿಗಾಗಿ ಬೆಳೆಸಬಹುದು. ‘ನನಗೆ ಇಷ್ಟ’ ಎಂಬುದಕ್ಕೆ ಮಾತ್ರ ಜಾಗವಿಲ್ಲ. ಹಾರ ಹಾಕಿಸಿಕೊಂಡ ಹುಡುಗ ಆ ಎರಡು ವರ್ಷ ಪಾಠ ಕೇಳಿದ್ದಾನೆ, ಕಬಡ್ಡಿ ಆಡಿದ್ದಾನೆ, ಪರೀಕ್ಷೆ ಬರೆದಿದ್ದಾನೆ. ಶಿಸ್ತು ಎಲ್ಲಿ ಕೆಟ್ಟಿತು?

ಥಾಯ್ಲೆಂಡಿನಲ್ಲಿ ನಮಗಿಂತ ಬಿಗಿಯಾದ ನಿಯಮಗಳಿದ್ದವು, ಹುಡುಗರಿಗೆ ಸಿಪಾಯಿ ಕಟಿಂಗು, ಹುಡುಗಿಯರಿಗೆ ಕಿವಿಯ ಮಟ್ಟಕ್ಕೆ. ಸೈನಿಕ ಆಡಳಿತದ ಕಾಲದಲ್ಲಿ ಮೊಳೆತ ಆ ನಿಯಮಗಳ 1975ರ ಆದೇಶವನ್ನು ಅಲ್ಲಿನ ಸರ್ವೋಚ್ಚ ಆಡಳಿತ ನ್ಯಾಯಾಲಯ 2025ರ ಮಾರ್ಚಿನಲ್ಲಿ ರದ್ದು ಮಾಡಿತು. ಅದಕ್ಕೆ ವಿದ್ಯಾರ್ಥಿಗಳೇ ವರ್ಷಗಟ್ಟಲೆ ಹೋರಾಡಬೇಕಾಯಿತು. ನಮ್ಮ ಮಕ್ಕಳನ್ನು ಕೋರ್ಟಿನ ಮೆಟ್ಟಿಲು ಹತ್ತಿಸುವ ಅಗತ್ಯವಿಲ್ಲ. ನಮ್ಮ ಬಹುತೇಕ ಶಾಲೆಗಳಲ್ಲಿ ಕೂದಲಿನ ನಿಯಮ ಎಲ್ಲೂ ಬರೆದಿಟ್ಟದ್ದಲ್ಲ, ಬಾಯಿಂದ ಬಾಯಿಗೆ ಬಂದದ್ದು. ಜೂನ್ ತಿಂಗಳಲ್ಲಿ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಮೊದಲ ಸಭೆಯಲ್ಲಿ ಅರ್ಧ ಗಂಟೆ ಕೊಟ್ಟರೆ ಬದಲಾಗುತ್ತದೆ. ಹುಡುಗ ಹುಡುಗಿ ಎನ್ನದೆ ಎಲ್ಲರ ತಲೆಯೂ ಶುಚಿಯಾಗಿರಬೇಕು, ಕೂದಲು ಕಣ್ಣಿನ ಮೇಲೆ ಬೀಳಬಾರದು, ಭುಜ ಮುಟ್ಟಿದರೆ ಕಟ್ಟಿರಬೇಕು, ಆಟದ ಮೈದಾನದಲ್ಲಿ ಮತ್ತು ಪ್ರಯೋಗಾಲಯದ ಬೆಂಕಿಯ ಹತ್ತಿರ ಬಿಗಿಯಾಗಿ ಕಟ್ಟಿರಬೇಕು, ಮಗುವಿನ ತಲೆಗೆ ಶಾಲೆಯಲ್ಲಿ ಯಾರೂ ಕತ್ತರಿ ಮುಟ್ಟಿಸಬಾರದು. ನೋಟಿಸ್ ಬೋರ್ಡಿಗೆ ಹಾಕಲು ಇಷ್ಟು ಸಾಲು ಸಾಕು. ಅಲ್ಲಿಯ ತನಕ, ‘ನಿಮ್ಮ ಹುಡುಗನ ಕೂದಲು ಕತ್ತರಿಸಿ ಕಳಿಸಿ’ ಎಂದು ಶಾಲೆಯಿಂದ ಫೋನು ಬಂದರೆ ಅಪ್ಪ-ಅಮ್ಮ ಜಗಳಕ್ಕೆ ಹೋಗಬೇಕಾಗಿಲ್ಲ. ನಿಯಮ ಎಲ್ಲಿ ಬರೆದಿದೆ, ಯಾರು ಮಾಡಿದ್ದು, ಹುಡುಗಿಯರಿಗೂ ಅದೇ ಅಳತೆಯೇ ಎಂದು ಮರ್ಯಾದೆಯಿಂದ ಕೇಳಲಿ, ಕೇಳುವಾಗ ಹುಡುಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಲಿ.